ಜಿನಿಯಾ ಹೂವು ದಳ ಬಿಡದ ಕಥೆ

ಲೋಕ ಆಗಷ್ಟೇ ಹುಟ್ಟಿತ್ತು, ಮಗು. ಆಕಾಶದ ನೀಲಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಕೈ ಎತ್ತಿದವರ ಬೆರಳಿಗೆ ಅಂಟುತ್ತಿತ್ತು.

ಆಗ ಹೂವುಗಳಿಗೆಲ್ಲ ಒಂದೇ ನಿಯಮ. ಗಾಳಿ ಬಂದು ಕೇಳಿದರೆ ದಳ ಕೊಟ್ಟುಬಿಡಬೇಕು. ಬೇರೆ ಹೂವುಗಳು ಬೀಜವನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದವು, ಅವಕ್ಕೆ ನಷ್ಟವಿಲ್ಲ. ಜಿನಿಯಾ ಹೂವು ಮಾತ್ರ ಒಂದೊಂದು ದಳದ ಬುಡಕ್ಕೂ ಒಂದೊಂದು ಬೀಜ ಕಟ್ಟಿಕೊಂಡಿತ್ತು. ದಳ ಹೋದರೆ ಎಳೆ ಬೀಜವೂ ಹೋಗುತ್ತಿತ್ತು.

ಹೊಂಬಾಳವ್ವ ಎಂಬ ಅಜ್ಜಿಯ ಹಿತ್ತಿಲಲ್ಲಿ ಒಂದು ಜಿನಿಯಾ ಪಾತಿ. ಅವಳು ದಿನಾ ಮಿಂದು ಬಂದು, ಪಾತಿಯೆಲ್ಲ ಹುಡುಕಿ, ಎಲ್ಲಕ್ಕಿಂತ ದೊಡ್ಡ ಹೂವುಗಳನ್ನೇ ದೇವರಿಗೆ ಕೊಯ್ಯುತ್ತಿದ್ದಳು. ಕೊಯ್ಯದೆ ಉಳಿದ ದೊಡ್ಡದನ್ನು ಗಾಳಿ ಉದುರಿಸುತ್ತಿತ್ತು. ಎಲೆಯಡಿ ಅಡಗಿದ ಸಣ್ಣ ಹೂವು ಮಾತ್ರ ಬೀಜವಾಗುತ್ತಿತ್ತು. ಮರುವರ್ಷ ಬಿತ್ತುವುದು ಅದನ್ನೇ.

ಮೊದಲ ವರ್ಷ ಹೂವು ಅಂಗೈಯಷ್ಟು. ಮರುವರ್ಷ ನಿಂಬೆಹಣ್ಣಿನಷ್ಟು. ಅದರ ಮರುವರ್ಷ ನೆಲ್ಲಿಕಾಯಿಯಷ್ಟು. ಮಣ್ಣು ಸೊರಗಿದೆ ಎಂದು ಹೊಂಬಾಳವ್ವ ಗೊಬ್ಬರ ಹಾಕಿದಳು. ಗಿಡ ಎತ್ತರವಾಯಿತು, ಹೂವು ನೆಲ್ಲಿಕಾಯಿಯಷ್ಟೇ ಉಳಿಯಿತು.

ಒಂದು ಬೆಳಗ್ಗೆ, ಅದು ಹೇಗೋ, ಅಂಗೈಯಗಲದ ಒಂದೇ ಒಂದು ಕೆಂಪು ಹೂವು ಅರಳಿತು. ಹೊಂಬಾಳವ್ವ ಕೈ ಚಾಚಿದಳು.

“ಅವ್ವಾ, ನನ್ನನ್ನು ಬಿಡು,” ಎಂದಿತು ಹೂವು.

“ಬಿಟ್ಟು? ದೇವರಿಗೆ ಸಣ್ಣದ್ದು ಕೊಡಲಾ?”

“ವರ್ಷವರ್ಷ ದೊಡ್ಡದನ್ನು ಕೊಯ್ದೆ, ಸಣ್ಣದನ್ನು ಬಿತ್ತಿದೆ. ದೊಡ್ಡವರಲ್ಲಿ ನಾನೇ ಕೊನೆಯವಳು. ನಾನೂ ಹೋದರೆ ನಮ್ಮ ವಂಶ ಮುಗಿಯಿತು.”

ಹೊಂಬಾಳವ್ವ ಪಾತಿಯ ಬದುವಿನ ಮೇಲೆ ಕುಳಿತಳು. ಆಮೇಲೆ ಎದ್ದು ಒಳಗಿಂದ ಅರಿಸಿನದ ದಾರ ತಂದಳು. ಬಳ್ಳಿಯ ಮೊದಲ ಸೋರೆಕಾಯಿಗೆ ಅಂಥ ದಾರ ಕಟ್ಟಿ ದೇವರಿಗೆ ಮೀಸಲು ಎಂದರೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಆ ದಾರವನ್ನೇ ಹೂವಿನ ತೊಟ್ಟಿಗೆ ಕಟ್ಟಿದಳು.

ಬೇಲಿಯಾಚೆಯಿಂದ ನೆರೆಮನೆಯ ದುಂಡವ್ವ ನಕ್ಕಳು. “ಏನೇ ಹೊಂಬಾಳಿ, ದೇವರನ್ನೇ ಕಾಯಿಸುವಷ್ಟು ದೊಡ್ಡವಳಾದೆಯಾ?”

“ಕಾಯುತ್ತಾನೆ ಬಿಡು. ನನ್ನಷ್ಟು ಅವಸರ ಅವನಿಗಿಲ್ಲ.”

ಸಂಜೆ ಗಾಳಿ ಬಂತು. “ದಳ ಕೊಡು.”

“ಬೀಜ ಬಲಿಯಲಿ, ಆಮೇಲೆ.”

“ನಿಯಮ ಗೊತ್ತಿಲ್ಲವಾ?”

“ಗೊತ್ತು. ಆದರೂ ಕೊಡುವುದಿಲ್ಲ.”

ಗಾಳಿ ಎಳೆಯಿತು. ಹೂವು ಬಿಡಲಿಲ್ಲ. ಮರುದಿನ ಎಳೆಯಿತು. ಬಿಡಲಿಲ್ಲ. ಹತ್ತು ದಿನ ಎಳೆಯಿತು, ಕಾಂಡ ನೆಲ ಮುಟ್ಟುವಷ್ಟು ಬಾಗಿತು, ಹೂವು ಒಂದು ದಳವನ್ನೂ ಬಿಡಲಿಲ್ಲ.

ಅದನ್ನು ನೋಡುತ್ತಿದ್ದ ಜೇನುನೊಣ ಹೇಳಿತು: “ಎಂಥ ಮೊಂಡು ಹೆಣ್ಣಪ್ಪ ನೀನು. ತಡಿ, ಊರಾಚೆಯ ಬಿಳಿ ಪಾತಿ, ಹಳದಿ ಪಾತಿಗಳಿಂದ ನಿನಗೆ ಪರಾಗ ತರುತ್ತೇನೆ.” ಓಡಾಡಿ ಓಡಾಡಿ, ಹೂವಿನ ನಡುವೆ ಪುಟ್ಟ ಹಳದಿ ನಕ್ಷತ್ರಗಳ ಬಳೆ ತೊಡಿಸಿತು.

ನಲವತ್ತು ದಿನವಾಯಿತು. ಕೆಂಪು ಮಾಸಿತು. ದಳಗಳು ಕಾಗದದಂತೆ ಸರಬರ ಎಂದವು. ಗಾಳಿಗೇ ಸಾಕಾಯಿತು. “ಇನ್ನು ಮೇಲೆ ನಿನ್ನನ್ನು ಕೇಳುವುದಿಲ್ಲ,” ಎಂದು ಹೊರಟುಹೋಯಿತು.

ಹೊಂಬಾಳವ್ವ ಒಣಹೂವನ್ನು ಬಿಡಿಸಿ ಬೀಜವನ್ನೆಲ್ಲ ದೇವರ ಮುಂದೆ ಇಟ್ಟಳು. “ತಗೊಳ್ಳಪ್ಪ, ನಿನ್ನ ಹೂವು. ಸ್ವಲ್ಪ ತಡವಾಯಿತು.” ಕೈಮುಗಿದು, ಆ ಪ್ರಸಾದವನ್ನೇ ಬಿತ್ತಿದಳು.

ಬಂದವು ನೋಡು, ಕೆಂಪು, ಕಿತ್ತಳೆ, ಗುಲಾಬಿ, ಒಂದರಂತೆ ಒಂದಿಲ್ಲ. ಎಲ್ಲವೂ ಅಂಗೈಯಗಲ. ಅಂದು ದೇವರ ತಟ್ಟೆಯಲ್ಲಿ ಜಾಗ ಸಾಲದೆ ದುಂಡವ್ವ ತನ್ನ ಮನೆಯ ಮೊರ ತಂದುಕೊಟ್ಟಳು.

ಅದಕ್ಕೇ ಮಗು, ನಮ್ಮ ಹಿತ್ತಿಲಿನ ಜಿನಿಯಾ ಹೂವು ಒಣಗಿದರೂ ದಳ ಉದುರಿಸುವುದಿಲ್ಲ. ಮೆಲ್ಲಗೆ ಒಂದನ್ನು ಎಳೆದು ನೋಡು, ಅದರ ಬುಡದಲ್ಲಿ ಇವತ್ತಿಗೂ ಒಂದು ಬೀಜ ಬಿಗಿಯಾಗಿ ಹಿಡಿದುಕೊಂಡೇ ಇದೆ. ಆದರೆ ನಾನು ದಾರ ಕಟ್ಟಿರುವ ಆ ದೊಡ್ಡದನ್ನು ಮಾತ್ರ ಮುಟ್ಟಬೇಡ.