ಬಣ್ಣ ಅಳಿಸುವ ಮೊದಲು

"ನಮ್ಮದು ನಾಲ್ಕು ತಲೆಮಾರಿನಿಂದ ಹೆಸರಾದ ಮನೆತನ, ಗುರುಗಳೇ. ಊರಿನ ಶಾಲೆ ಕಟ್ಟಿಸಿದವರು ನಮ್ಮ ಮಾವನವರ ತಂದೆ. ಉಪಕಾರ ಮಾಡಿದವರನ್ನು ನಮ್ಮ ಮನೆ ಮರೆತದ್ದಿಲ್ಲ. ಬಂದ್ ದಿನ ನಮ್ಮ ಯಜಮಾನರನ್ನು ಆಸ್ಪತ್ರೆಗೆ ಒಯ್ಯುವಾಗ, ರಸ್ತೆ ತಡೆದಿದ್ದ ತನ್ನ ಜನರನ್ನು ಸರಿಸಿ ದಾರಿ ಮಾಡಿಕೊಟ್ಟವನು ಎದುರು ಪಕ್ಷದ ಗಿರಣಿ ಕಾರ್ಮಿಕರ ಮುಖಂಡ. ಯಜಮಾನರು ಉಳಿದರು. ದಿನವೂ ದೇವರ ಮುಂದೆ ಅವನನ್ನು ನೆನೆಯುತ್ತೇನೆ. ಆದರೆ ನಾನು ಕಳುಹಿಸಿದ ಹಣ್ಣಿನ ಬುಟ್ಟಿಯನ್ನು ಅವನು ಹಿಂದಕ್ಕೆ ಕಳುಹಿಸಿದ. ಚುನಾವಣೆಯ ಸಭೆಯಲ್ಲಿ ಅವನು ಮಾತಾಡುವ ರೀತಿಯನ್ನು ಆಡಿ ತೋರಿಸಿ ಜನರನ್ನು ನಗಿಸಿದ್ದೆ, ನಿಜ. ಅದು ರಾಜಕೀಯ. ಕೃತಜ್ಞತೆ ಸಲ್ಲಿಸಲು ನಾನು ಇನ್ನೇನು ಮಾಡಬೇಕು?"

ಹೀಗೆ ಕೇಳಿದ ಶಿಷ್ಯೆ ಅದೇ ಬುಟ್ಟಿಯನ್ನು ಗುರುಗಳ ಮುಂದೆ ಇಟ್ಟರು. ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನೂ ಒಬ್ಬ ಹಮಾಲನೂ ಇದ್ದರು. ಊರು ನಡೆಯುವುದು ಬಂಡವಾಳ ಹೂಡುವವರಿಂದ ಎಂದು ವರ್ತಕ ನಂಬಿದ್ದ. ಮೂಟೆ ಹೊರುವವರಿಂದ ಎಂದು ಹಮಾಲ ನಂಬಿದ್ದ. ಊರಿನವರು ನಾಟಕ ಆಡಲು ಹೊರಟಾಗ ನಾಟಕದ ಮೇಷ್ಟ್ರು ಇಬ್ಬರ ಕಂಠವನ್ನು ಮಾತ್ರ ನೋಡಿದರು. ಧಣಿಯ ಪಾತ್ರ ಹಮಾಲನಿಗೆ ಬಂತು, ಆಳಿನ ಪಾತ್ರ ವರ್ತಕನಿಗೆ.

ತಾಲೀಮಿನಲ್ಲಿ ಹಮಾಲ ವರ್ತಕನಂತೆಯೇ ಹೊಟ್ಟೆ ಮುಂದೆ ಮಾಡಿ ನಡೆದ. "ನಾವು ಹೊರದಿದ್ದರೆ ನಿಮ್ಮ ಅಂಗಡಿ ಬರಿದು, ಧಣಿ" ಎಂಬ ಮಾತನ್ನು ವರ್ತಕ ಮೂಗಿನಿಂದ ರಾಗ ಎಳೆದು ಹೇಳಿದ. ಅವನ ಕಡೆಯವರು ನಕ್ಕರು. ನಗಿಸುವುದೇ ರೂಢಿಯಾಯಿತು, ಮಾತು ಮನಸ್ಸಿಗೆ ಇಳಿಯಲಿಲ್ಲ.

ನಾಟಕದ ದಿನ ಊರೆಲ್ಲ ಸೇರಿತ್ತು. ಮುಂದಿನ ಸಾಲಿನಲ್ಲಿ ವರ್ತಕನ ಬೀಗರಿದ್ದರು. ಆ ಮಾತು ಆಡಬೇಕಾದ ಹೊತ್ತಿಗೆ ಅವನ ನಾಲಿಗೆ ಕಟ್ಟಿತು. ಹಮಾಲ ಸುಮ್ಮನೆ ನಿಂತಿದ್ದರೂ ಸಾಕಿತ್ತು, ವರ್ತಕನ ಮಾನ ಹೋಗುತ್ತಿತ್ತು. ಆದರೆ ಅವನು ಧಣಿಯ ಗತ್ತಿನಲ್ಲೇ ಕೇಳಿದ.

"ಏನೋ, ನೀವು ಹೊರದಿದ್ದರೆ ನಮ್ಮ ಅಂಗಡಿ ಬರಿದು ಎನ್ನಲು ಬಂದೆಯಾ?"

"ಹೌದು ಧಣಿ, ಬರಿದು" ಎಂದ ವರ್ತಕ. ಈ ಸಲ ಮಾತು ಮೂಗಿನಿಂದ ಬರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಪಾತ್ರಧಾರಿಗಳು ಬಣ್ಣ ಅಳಿಸುವ ಮೊದಲು, ತಾಲೀಮಿನಲ್ಲಿ ಆದ ತಪ್ಪಿಗೆ ಒಬ್ಬರಿಗೊಬ್ಬರು ಕ್ಷಮೆ ಕೇಳುವುದು ಆ ಊರಿನ ಪದ್ಧತಿ. ವರ್ತಕ ಬೇಗ ಬಣ್ಣ ಅಳಿಸಿಕೊಂಡು, ಮನೆಯಿಂದ ಒಳ್ಳೆಯ ಶಾಲು ತರಿಸಿದ. ಅವನ ಕಣ್ಣು ತುಂಬಿತ್ತು. ಹಮಾಲ ಇನ್ನೂ ಬಣ್ಣದಲ್ಲೇ, ಧಣಿಯ ಪೇಟದಲ್ಲೇ ಕೂತಿದ್ದ.

"ನಾಟಕ ಮುಗಿಯಿತಲ್ಲ ಮಾರಾಯ, ಪೇಟ ಬಿಡಲು ಮನಸ್ಸಿಲ್ಲವೇ?"

"ನಿಮ್ಮ ನಡಿಗೆಯನ್ನು ಅಣಕಿಸಿದ್ದೆ, ಧಣಿ. ತಪ್ಪಾಯಿತು. ಇನ್ನು ನಿಮ್ಮದೊಂದು ಬಾಕಿ ಇದೆ."

ವರ್ತಕ ಶಾಲನ್ನು ಮುಂದೆ ಹಿಡಿದ. ಹಮಾಲ ಕೈ ಚಾಚಲಿಲ್ಲ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯೆ ಕೇಳಿದರು.

"ಆಮೇಲೆ ವರ್ತಕ ಏನು ಮಾಡಿದ?"

"ಬುಟ್ಟಿ ಇಲ್ಲೇ ಇರಲಿ, ತಾಯಿ, ನೀವು ಹೋಗಿ ಕ್ಷಮೆ ಕೇಳಿ."