ಗೇಟಿನ ಒಳಗಿನ ರಂಗೋಲಿ

ಅಂಗಿ ಹೊಲಿಯುವ ಕಾರ್ಖಾನೆ. ಹುಡುಗಿಯರ ಹಾಸ್ಟೆಲ್ ಗೇಟಿಗೆ ಸದಾ ಬೀಗ. ತಾಯಿ ಸತ್ತಾಗಲೂ ಪುಟ್ಟಗೌರಿಯನ್ನು ಊರಿಗೆ ಬಿಟ್ಟಿರಲಿಲ್ಲ.

ಅಂಗಿ ಕೊಳ್ಳುವ ಕಂಪನಿಯಿಂದ ತಪಾಸಣೆಗೆ ಬರುತ್ತಾರೆಂದು ತಿಳಿದು ಮ್ಯಾನೇಜರು ಬೀಗ ತೆಗೆಸಿದ. ಕಸ ಗುಡಿಸುವ ಚಿಕ್ಕತಾಯಮ್ಮನನ್ನು ಗದರಿದ.

“ಏ ಮುದುಕಿ, ಬೀಗದ ಮಾತೆತ್ತಿದರೆ ನಾಲಿಗೆ ಸೀಳ್ತೀನಿ. ಹುಡುಗಿಯರ ಕೈಲಿ ಚೆಂದಾಗಿ ರಂಗೋಲಿ ಹಾಕಿಸು.”

“ಆಗಲಿ ಬುದ್ಧಿ.”

ತಪಾಸಣೆಗೆ ಬಂದ ಹೆಂಗಸು ಗೇಟು ದಾಟಿದವಳೇ ನಿಂತಳು. “ಇದೇನಜ್ಜಿ, ರಂಗೋಲಿ ಗೇಟಿನ ಒಳಗಿದೆ? ಹೊರಗಲ್ಲವಾ ಹಾಕೋದು?”

“ಹೊರಗೇ ತಾಯಿ. ಆದರೆ ಈ ಮಕ್ಕಳು ಕಾಲು ಹೋಗೋವಷ್ಟು ದೂರ ತಾನೇ ಹಾಕಬೇಕು?”

ಹೆಂಗಸು ಮ್ಯಾನೇಜರನ ಮುಖ ನೋಡಿದಳು. ಅವನು ಮುದುಕಿಯನ್ನು ದುರುಗುಟ್ಟಿ ನೋಡಿದ.

“ಯಾಕೆ ಬುದ್ಧಿ? ಬೀಗದ ಮಾತು ನಾನು ಎತ್ತಲೇ ಇಲ್ಲವಲ್ಲ!”

ಹೆಂಗಸು ಅಲ್ಲೇ ನಿಂತು ಕಾರ್ಮಿಕ ಇಲಾಖೆಗೆ ಫೋನು ಮಾಡಿದಳು.

ಸಂಜೆ ಅಧಿಕಾರಿಗಳು ಬಂದು ಹುಡುಗಿಯರನ್ನು ಬಿಡಿಸಿದರು. ಪುಟ್ಟಗೌರಿ ಬಟ್ಟೆಯ ಗಂಟು ಹಿಡಿದು ಗೇಟಿನ ಬಳಿ ನಿಂತಳು. ಬಾಯಿಗೆ ರೂಢಿಯ ಮಾತೇ ಬಂತು.

“ಹೋಗಿ ಬರ್ತೀನಿ ಅಜ್ಜಿ.”

ಬರೀ ‘ಹೋಗ್ತೀನಿ’ ಎಂದವರನ್ನು ಜೀವಮಾನವಿಡೀ ಬೈದಿದ್ದ ಚಿಕ್ಕತಾಯಮ್ಮ ಅವಳ ತಲೆ ಸವರಿದಳು.

“ಬರಬೇಡ ಮಗಳೇ. ಬರೀ ಹೋಗು.”