ತಾಮ್ರಿ ಕಂಡ ಆಕಾಶ

ಭೂಮಿಯ ಮೈ ಇನ್ನೂ ಬೆಚ್ಚಗಿದ್ದ ಕಾಲ. ಬೆಟ್ಟಗಳು ಆಗಷ್ಟೇ ಎದ್ದು ಕೂತು ಮೈ ಮುರಿಯುತ್ತಿದ್ದವು. ಅಂಥ ಒಂದು ಬೆಟ್ಟದ ಹೊಟ್ಟೆಯೊಳಗೆ ತಾಮ್ರಿ ಎಂಬ ಹುಡುಗಿ ಇದ್ದಳು. ಹುಡುಗಿ ಅಂದರೆ ನಮ್ಮ ತಾಮ್ರವೇ ಕಣ್ರಪ್ಪಾ! ಕೆಂಪಗೆ, ಥಳಥಳ, ದೃಷ್ಟಿ ತಾಕುವಂಥ ಮೈಬಣ್ಣ. ಆದರೆ ನೋಡುವವರು ಯಾರು? ಅಲ್ಲಿ ಬರೀ ಕತ್ತಲು.

ಪಕ್ಕದಲ್ಲಿ ಬೆಣಚುಕಲ್ಲಿನ ಅಜ್ಜ. ಬಿಳಿ ಮೈ, ಗಟ್ಟಿ ಜೀವ. ಇಬ್ಬರ ನಡುವೆ ಕೂದಲೆಳೆ ತೂರುವಷ್ಟೂ ಜಾಗವಿರಲಿಲ್ಲ.

ಮಳೆ ಬಿದ್ದಾಗಲೆಲ್ಲ ಬಿರುಕಿನ ದಾರಿ ಹಿಡಿದು ನೀರಕ್ಕ ತೊಟ್ಟು ತೊಟ್ಟಾಗಿ ಇಳಿದು ಬರುತ್ತಿದ್ದಳು. ತಾಮ್ರಿಯದು ಒಂದೇ ಪ್ರಶ್ನೆ.

“ನೀರಕ್ಕಾ, ಆಕಾಶ ಹೆಂಗೈತೆ?”

“ನೀಲಿಯಾಗೈತೆ ಕಣವ್ವ.”

“ನೀಲಿ ಅಂದ್ರೆ?”

ಅಷ್ಟರಲ್ಲಿ ನೀರಕ್ಕ ತೊಟ್ಟಿಕ್ಕುತ್ತ ಕೆಳಗಿನ ಬಿರುಕಿಗೆ ಇಳಿದುಬಿಡುತ್ತಿದ್ದಳು.

ಒಂದು ಮಳೆಗಾಲ ಕಳೆಯಿತು. ಸಾವಿರ ಮಳೆಗಾಲ ಕಳೆಯಿತು. ಪ್ರಶ್ನೆ ಮಾತ್ರ ಅದೇ.

ಕೊನೆಗೊಂದು ದಿನ ನೀರಕ್ಕ ಗಾಳಿಯನ್ನು ಕಾಡಿ ಬೇಡಿ, ಅವನ ಒಂದು ಉಸಿರನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಳು.

“ಇದು ಆಕಾಶದಾಗೆ ಓಡಾಡಿದ ಉಸಿರು. ತಾಕಿದ್ರೆ ನೀನೇ ನೀಲಿಯಾಗ್ತೀಯ. ಆದ್ರೆ ಮೊದ್ಲು ನನ್ನೊಳಗೆ ಕರಗಬೇಕು. ಈ ಕೆಂಪು ಉಳಿಯಲ್ಲ. ಯೋಚ್ನೆ ಮಾಡು ತಂಗಿ.”

ತಾಮ್ರಿ ಯೋಚಿಸಿದಳು. ಇರುವುದೇ ಆ ಒಂದು ಕೆಂಪು. ಅದೂ ಹೋದರೆ ತಾನು ತಾನೇನಾ?

“ಬಣ್ಣ ಕಳ್ಕೊಂಡು ಬಣ್ಣ ನೋಡಾಕೆ ಹೊಂಟವ್ಳೆ!” ಬೆಣಚಜ್ಜ ನಕ್ಕ.

“ನನ್ ಕೆಂಪ ನೀನು ಯಾವತ್ತಾದ್ರೂ ನೋಡಿದೀಯಾ ಅಜ್ಜ?”

“ಈ ಕತ್ಲಾಗೆ ಎಲ್ಲಿಂದ ನೋಡ್ಲಿ?”

“ನಾನೂ ನೋಡಿಲ್ಲ. ನೀಲಿಯಾದ್ರೆ, ಬೆಳಕು ಬಂದ ದಿನ ನನ್ ಮೈಯಾಗೇ ಆಕಾಶದ ಬಣ್ಣ ನೋಡ್ತೀನಿ. ಅಲ್ಲೀತನಕ ಕಾಯ್ತೀನಿ. ಒಂಚೂರು ಸರ್ಕೋ, ನೀಲಿ ಕೂರಾಕೆ ಜಾಗ ಬೇಕು.”

ಬೆಣಚಜ್ಜ ಗೊಣಗಿದ, ನರಳಿದ, ಆದರೂ ಒಂದು ಗೇಣು ಸರಿದ. ಆ ಪೊಳ್ಳಿನಲ್ಲಿ ತಾಮ್ರಿ ಕರಗಿದಳು, ಮತ್ತೆ ಹರಳು ಹರಳಾಗಿ ಕೂತಳು. ನೀರಕ್ಕ ಹುಲ್ಲಿನ ಸುದ್ದಿ ಹೇಳುತ್ತ ಹೆಚ್ಚು ಹೊತ್ತು ಕೂತ ಕಡೆ ನೀಲಿಯ ಅಂಚು ಹಸಿರಾಯಿತು.

ಬೆಟ್ಟ ಸವೆಯಿತು. ಸವೆದೂ ಸವೆದೂ ಅಜ್ಜನ ಬೆನ್ನು ಬಿಸಿಲಿಗೆ ಬಿತ್ತು. ಗೆಡ್ಡೆ ಅಗೆಯಲು ಚೂಪು ಕಲ್ಲು ಹುಡುಕುತ್ತಿದ್ದ ಕೆಂಚವ್ವ ಎಂಬ ಮುದುಕಿ ಅವನ ಮೇಲೆ ಗುಂಡುಕಲ್ಲು ಎತ್ತಿ ಹಾಕಿದಳು. ಪಟ್! ಅಜ್ಜ ಎರಡು ಹೋಳು.

“ಅಯ್ಯೋ ನಮ್ಮವ್ವಾ, ಕಲ್ಲಿನೊಳಗೆ ಆಕಾಶ!”

ತಾಮ್ರಿ ಮೊದಲು ತನ್ನನ್ನು ನೋಡಿಕೊಂಡಳು. ಆಮೇಲೆ ಮೇಲೆ ನೋಡಿದಳು. ಮತ್ತೆ ತನ್ನನ್ನು ನೋಡಿಕೊಂಡಳು. ನೀರಕ್ಕ ಸುಳ್ಳು ಹೇಳಿರಲಿಲ್ಲ.

ಅದಕ್ಕೇ ಮಕ್ಕಳೇ, ಹಳೇ ತಾಮ್ರದ ಗಣಿಯ ಕಲ್ಲುರಾಶಿಯಲ್ಲಿ ಒಳ್ಳೆಯ ನೀಲಿ ಹರಳು ಹುಡುಕುವವರು ಇವತ್ತಿಗೂ ಪೊಳ್ಳಿರುವ ಕಲ್ಲನ್ನೇ ಎತ್ತಿ, ಒಳಗೆ ಇಣುಕಿ ನೋಡುವುದು. ಮನೆಯಲ್ಲಿ ತಾಮ್ರದ ಚೊಂಬು ಒದ್ದೆಯಾಗಿದ್ದು ಹಸಿರುಗಟ್ಟಿದರೆ, ಹುಣಸೆಹಣ್ಣು ಹಚ್ಚಿ ಉಜ್ಜುವ ಮೊದಲು ನೀವೂ ಒಂದು ಗಳಿಗೆ ನೋಡಿ: ನೀರಕ್ಕ ಬಂದು ಮಾತಾಡಿಸಿ ಹೋಗಿರುತ್ತಾಳೆ.